ಊರಿನ ಸಮಸ್ಯೆನ ಫೋನಲ್ಲಿ ಸುದ್ದಿ ಮಾಡೋದು, ಆಮೇಲೆ ಕೆಲಸ ಆಗೋವರೆಗೂ ಬಿಡದೆ ಹಿಂದೆ ಬೀಳೋದು ಹೇಗೆ

ಮೊದ್ಲೆಲ್ಲ ತಾಲ್ಲೂಕಿಗೆ ಒಬ್ರೋ ಇಬ್ರೋ ಪೇಪರ್ ವರದಿಗಾರರು ಇರ್ತಿದ್ರು, ಅವರನ್ನ ಹುಡುಕ್ಕೊಂಡು ಹೋಗಿ ಹೇಳಿ, ಅವರು ಬರೆದು, ಜಿಲ್ಲಾ ಪುಟದಲ್ಲಿ ಜಾಗ ಸಿಕ್ರೆ ಎರಡು ಕಾಲಂ ಬರ್ತಿತ್ತು, ಆ ಕಟಿಂಗ್ ಇಟ್ಕೊಂಡು ಇಂಜಿನಿಯರ್ ಆಫೀಸಿಗೆ ಹೋಗಿ 'ನೋಡಿ ಸಾರ್ ಪೇಪರಲ್ಲಿ ಬಂದಿದೆ' ಅನ್ಬೇಕಿತ್ತು. ಈಗ ಚರಂಡಿ ಉಕ್ಕಿದ ಹತ್ತು ನಿಮಿಷಕ್ಕೆ ಊರಿನ ವಾಟ್ಸಾಪ್ ಗ್ರೂಪಲ್ಲಿ ವಿಡಿಯೋ, ಅರ್ಧ ಗಂಟೆಗೆ ಫೇಸ್‌ಬುಕ್ ಪೇಜಲ್ಲಿ, ಸಂಜೆ ಹೊತ್ತಿಗೆ ಯಾರೋ ಪುಣ್ಯಾತ್ಮ ಅದಕ್ಕೆ ಮಾಸ್ ಮ್ಯೂಸಿಕ್ ಹಾಕಿ ರೀಲ್ಸ್ ಬೇರೆ ಮಾಡಿರ್ತಾನೆ. ವರದಿಗಾರರೂ ಅದೇ ಗ್ರೂಪಲ್ಲಿ ಇದಾರೆ, ಅಲ್ಲಿಂದ್ಲೇ ಸುದ್ದಿ ಎತ್ಕೊಳ್ತಾರೆ. ಎಲ್ಲ ಸರಿ, ಆದ್ರೆ ಸಾವಿರಗಟ್ಟಲೆ ವ್ಯೂಸ್ ಬಂದ್ಮೇಲೂ ಚರಂಡಿ ಮಾತ್ರ ಹಂಗೇ ಉಕ್ತಾ ಇರತ್ತೆ. ಯಾಕೆ ಅಂದ್ರೆ ಆ ವಿಡಿಯೋ ನೋಡಿದ ಯಾರಿಗೂ ಉತ್ತರ ಕೊಡಬೇಕಾದ ಕಾಗದ ಅಂತ ಒಂದೂ ಇಲ್ಲ. ಆಫೀಸಲ್ಲಿ ಫೈಲ್ ಓಡೋದು ದೂರಿನ ನಂಬರ್ ಮೇಲೆ. ವಿಡಿಯೋಗೆ ಆ ನಂಬರ್ ಜೋಡ್ಸೋದು ಹೆಂಗೆ, ನಾವೇ ಸುದ್ದಿ ಹಾಕೋವಾಗ ಏನ್ ಏನ್ ನೋಡ್ಕೋಬೇಕು ಅಂತ ನನಗೆ ಗೊತ್ತಿರೋಷ್ಟು ಇಲ್ಲಿ ಬರೀತೀನಿ.

ಇದು ಯಾರ ಕೆಲಸ ಅಂತ ಮೊದಲು ಗೊತ್ತು ಮಾಡ್ಕೊಳ್ಳಿ

ನಮ್ ಜನ ಮಾಡೋ ಮೊದಲ ಕೆಲಸ ಅಂದ್ರೆ ಸಿಎಂ, ಡಿಸಿ, ಎಂಪಿ, ಎಂಎಲ್‌ಎ, ಆಮೇಲೆ ಮೂರು ಟಿವಿ ಚಾನೆಲ್, ಎಲ್ಲರನ್ನೂ ಟ್ಯಾಗ್ ಮಾಡೋದು. ಅಷ್ಟೂ ಜನ 'ಬೇರೆಯವರು ನೋಡ್ಕೊಳ್ತಾರೆ ಬಿಡು' ಅಂತ ಸುಮ್ನಾಗ್ತಾರೆ. ರಸ್ತೆ ಕಣ್ಣಿಗೆ ಒಂದೇ ಥರ ಕಂಡ್ರೂ ಅದರ ಯಜಮಾನರು ಬೇರೆ ಬೇರೆ ಇರ್ತಾರೆ. ನ್ಯಾಷನಲ್ ಹೈವೇ ಆದ್ರೆ 1033ಕ್ಕೆ ಫೋನ್ ಮಾಡ್ಬೇಕು, ಸ್ಟೇಟ್ ಹೈವೇ ಅಂದ್ರೆ ಪಿಡಬ್ಲ್ಯೂಡಿ, ಹಳ್ಳಿ ರಸ್ತೆ ಆದ್ರೆ ಗ್ರಾಮ ಪಂಚಾಯ್ತಿನೋ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗನೋ, ಪೇಟೆ ಒಳಗಾದ್ರೆ ಪುರಸಭೆ, ನಗರಸಭೆ. ಇದ್ರ ಮಧ್ಯೆ ಲ್ಯಾಂಡ್ ಆರ್ಮಿ ಅಂತ ಈಗ್ಲೂ ಜನ ಕರೆಯೋ ಕೆಆರ್‌ಐಡಿಎಲ್‌ನವರು ಮಾಡಿರೋ ಕಾಂಕ್ರೀಟ್ ರಸ್ತೆ ಬೇರೆ ಇರತ್ತೆ. ಬೆಂಗಳೂರಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಅನ್ನೋದೇ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿದೆ. ಹಂಗಾಗಿ ನಿಮ್ಮ ಏರಿಯಾ ಕೇಂದ್ರನೋ ಪೂರ್ವನೋ ಪಶ್ಚಿಮನೋ ಅಂತ ನೋಡ್ಕೊಂಡೇ ಟ್ಯಾಗ್ ಮಾಡಿ, ಇನ್ನೂ ಹಳೇ ಬಿಬಿಎಂಪಿಗೆ ಬೈತಾ ಕೂತ್ರೆ ಅದನ್ನ ಕೇಳಿಸ್ಕೊಳ್ಳೋಕೆ ಅಲ್ಲಿ ಯಾರೂ ಇಲ್ಲ.

ಕರೆಂಟ್ ಹೋಗಿದ್ರೆ 1912. ಆದ್ರೆ ಬೀದಿ ದೀಪದ ಬಲ್ಬ್ ಹೋಗಿದ್ರೆ ಅದು ಎಸ್ಕಾಂ ಅಂದ್ರೆ ಕರೆಂಟ್ ಕಂಪನಿ ಕೆಲಸ ಅಲ್ಲ, ಪಂಚಾಯ್ತಿ ಅಥವಾ ಪಾಲಿಕೆದು, ಇದನ್ನ ಲೈನ್‌ಮನ್ ಹತ್ರ ಜಗಳ ಆಡೋ ಮುಂಚೆ ತಿಳ್ಕೊಂಡ್ರೆ ಒಳ್ಳೇದು. ಬೆಂಗಳೂರಲ್ಲಿ ನೀರು, ಒಳಚರಂಡಿ ಅಂದ್ರೆ ಜಲಮಂಡಳಿ, 1916.

ಗೊತ್ತಾಗ್ಲಿಲ್ಲ ಅಂದ್ರೆ ಕಾಮಗಾರಿ ಬೋರ್ಡ್ ಹುಡುಕಿ. ರಸ್ತೆ ಶುರುವಾಗೋ ಕಡೆ ಹಳದಿನೋ ಬಿಳಿನೋ ಬಣ್ಣ ಹೊಡೆದಿರೋ ಒಂದು ಫಲಕ ಇರತ್ತೆ, ಯಾವ ಯೋಜನೆ, ಅಂದಾಜು ಮೊತ್ತ ಎಷ್ಟು, ಗುತ್ತಿಗೆದಾರ ಯಾರು ಅಂತ ಬರ್ದಿರ್ತಾರೆ. ಅದರ ಫೋಟೋ ಗುಂಡಿ ಫೋಟೋಗಿಂತ ಜಾಸ್ತಿ ಕೆಲಸಕ್ಕೆ ಬರತ್ತೆ. ಬೋರ್ಡೇ ಇಲ್ವಾ, ಅಥವಾ ಯಾರೋ ಎಂಎಲ್‌ಎ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿ ಮುಚ್ಚಿದಾರಾ, ಅದನ್ನೂ ತೆಗೀರಿ.

ವಿಡಿಯೋ ತೆಗೆಯೋದು

ಅರ್ಧ ಜನ ಗುಂಡಿಗೆ ಫೋನ್ ಹಿಡಿದು ಝೂಮ್ ಮಾಡಿ ಹತ್ತು ಸೆಕೆಂಡ್ ತೆಗೀತಾರೆ, ಆ ಗುಂಡಿ ತುಮಕೂರಲ್ಲೂ ಇರಬಹುದು ತಿರುಪತಿಲೂ ಇರಬಹುದು, ಎಲ್ಲಿದು ಅಂತ ಸಾಬೀತು ಮಾಡೋಕೆ ಅದರಲ್ಲಿ ಏನೂ ಇಲ್ಲ. ಮೊದಲು ದೂರದಿಂದ ಶುರು ಮಾಡಿ, ಸ್ಕೂಲ್ ಕಾಂಪೌಂಡೋ ಬ್ಯಾಂಕ್ ಬೋರ್ಡೋ ದೇವಸ್ಥಾನದ ಕಮಾನೋ ಫ್ರೇಮಲ್ಲಿ ಬರ್ಲಿ, ಅಲ್ಲಿಂದ ಕಟ್ ಮಾಡದೆ ನಡ್ಕೊಂಡು ಬಂದು ಗುಂಡಿ ತೋರ್ಸಿ. ಬಾಯಲ್ಲಿ ಇವತ್ತಿನ ತಾರೀಕು, ಟೈಮು, ಜಾಗ ಹೇಳಿ. ಆಳ ತೋರ್ಸೋಕೆ ಪಕ್ಕದಲ್ಲಿ ಒಂದು ಬಾಟ್ಲೋ ಕೋಲೋ ಇಡಿ. ಲೊಕೇಶನ್ ಮತ್ತೆ ತಾರೀಕು ಫೋಟೋ ಮೇಲೇ ಅಚ್ಚಾಗೋ ಜಿಪಿಎಸ್ ಕ್ಯಾಮೆರಾ ಆಪ್‌ಗಳಿವೆಯಲ್ಲ, ಅದರಲ್ಲಿ ಎರಡು ಫೋಟೋ ತೆಗ್ದಿಟ್ಕೊಳ್ಳಿ, ಪಂಚಾಯ್ತಿಯವರೇ ಉದ್ಯೋಗ ಖಾತ್ರಿ ಕೆಲಸಕ್ಕೆ ಇಂಥ ಫೋಟೋ ತೆಗೀತಾರೆ, ಹಂಗಾಗಿ ನಮ್ಮದನ್ನ ಸುಳ್ಳು ಅನ್ನೋಕೆ ಅವರಿಗೂ ಬಾಯಿ ಬರಲ್ಲ.

ಚುನಾವಣಾ ಆಯೋಗದ ಸಿ-ವಿಜಿಲ್ ಆಪ್ 2018ರಲ್ಲಿ ಬಂತು, ನೆನಪಿರಬಹುದು. ಹಣ ಹಂಚ್ತಿದಾರೆ, ಸೀರೆ ಹಂಚ್ತಿದಾರೆ ಅಂತ ದೂರು ಕೊಡೋಕೆ. ಅದರಲ್ಲಿ ಗ್ಯಾಲರಿಯಿಂದ ಹಳೇ ವಿಡಿಯೋ ಹಾಕೋಕೆ ಬಿಡಲ್ಲ, ಸ್ಥಳದಲ್ಲೇ ನಿಂತು ಆಪ್ ಒಳಗಿಂದ್ಲೇ ತೆಗೀಬೇಕು, ಲೊಕೇಶನ್ ತಾನೇ ಹಿಡ್ಕೊಳ್ಳತ್ತೆ, 100 ನಿಮಿಷದಲ್ಲಿ ಕ್ರಮ ಆಗ್ಬೇಕು ಅನ್ನೋದು ಗುರಿ. ದೂರು ಕೊಡೋ ವಿಡಿಯೋ ಹೆಂಗಿರಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಅಳತೆ ನನಗೆ ಕಂಡಿಲ್ಲ: ಎಲ್ಲಿ, ಯಾವಾಗ ಅನ್ನೋದು ವಿಡಿಯೋ ಒಳಗೇ ಇರಬೇಕು.

ಒರಿಜಿನಲ್ ಫೈಲ್ ಡಿಲೀಟ್ ಮಾಡ್ಬೇಡಿ. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳ್ಸಿದ್ರೆ ಅದನ್ನ ಕುಗ್ಸಿ, ಒಳಗಿರೋ ತಾರೀಕು ಲೊಕೇಶನ್ ಮಾಹಿತಿನೂ ತೆಗೆದುಹಾಕತ್ತೆ. ವರದಿಗಾರರಿಗೋ ಅಧಿಕಾರಿಗೋ ಕಳ್ಸೋವಾಗ ಡಾಕ್ಯುಮೆಂಟ್ ಅಂತ ಆಯ್ಕೆ ಮಾಡಿ ಕಳ್ಸಿ.

ಇನ್ನೊಂದು, ಇದನ್ನ ಸ್ವಲ್ಪ ಜೋರಾಗೇ ಹೇಳ್ತೀನಿ. ಆಕ್ಸಿಡೆಂಟ್ ಆಗಿ ಬಿದ್ದಿರೋರ ಮುಖ, ಮಕ್ಕಳ ಮುಖ, ಅಳ್ತಿರೋ ಹೆಂಗಸರ ಮುಖ ಹಾಕ್ಬೇಡಿ. ಮೊದಲು 112ಕ್ಕೆ ಫೋನ್ ಮಾಡಿ, ಆಮೇಲೆ ಕ್ಯಾಮೆರಾ. ಲೈಂಗಿಕ ದೌರ್ಜನ್ಯದ ಕೇಸಲ್ಲಿ ಸಂತ್ರಸ್ತರ ಗುರುತು ಹೊರಗೆ ಬಿಡೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಕೆಳಗೆ ಅಪರಾಧ, ಮಕ್ಕಳಾದ್ರೆ ಪೋಕ್ಸೋ ಕಾಯ್ದೆ ಬೇರೆ. ಹೆಸರು ಹಾಕಿಲ್ಲ ಅಂದ್ರೂ ಮನೆ, ಸ್ಕೂಲು, ಅಪ್ಪನ ಹೆಸರು ಹೇಳಿದ್ರೂ ಗುರುತು ಸಿಕ್ಕಂಗೇ. 2024ರಲ್ಲಿ ಹಾಸನದ ಪೆನ್‌ಡ್ರೈವ್ ವಿಡಿಯೋಗಳು ಊರೂರು ಸುತ್ತಿದಾಗ, ಹಂಚಿದ್ರೆ ಕೇಸ್ ಹಾಕ್ತೀವಿ ಅಂತ ಎಸ್‌ಐಟಿನೇ ಹೇಳ್ಬೇಕಾಯ್ತು, ಅಷ್ಟೊತ್ತಿಗೆ ಆ ಹೆಣ್ಮಕ್ಕಳ ಮುಖ ಎಷ್ಟು ಫೋನಿಗೆ ಹೋಗಿತ್ತೋ.

ಮೊದಲು ದೂರು, ಆಮೇಲೆ ಪೋಸ್ಟು

ಈ ಆರ್ಡರ್ ಉಲ್ಟಾ ಮಾಡ್ಬೇಡಿ. 1902ಕ್ಕೆ ಫೋನ್ ಮಾಡಿ, ಅದು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ, ಯಾವ ಇಲಾಖೆ ಆದ್ರೂ ತಗೋತಾರೆ, ಆನ್‌ಲೈನಲ್ಲೂ ಹಾಕ್ಬಹುದು. ದೂರಿನ ನಂಬರ್ ಬರತ್ತೆ. ಹಳ್ಳಿ ಆದ್ರೆ ಜೊತೆಗೆ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಒಂದು ಬಿಳಿ ಹಾಳೆಲಿ ಅರ್ಜಿ ಬರ್ದು, ಇನ್ನೊಂದು ಕಾಪಿ ಮೇಲೆ ಸೀಲು ಸೈನು ಹಾಕಿಸ್ಕೊಳ್ಳಿ. 'ಇರ್ಲಿ ಬಿಡಿ, ನಾನೇ ನೋಡ್ಕೋತೀನಿ' ಅಂತಾರೆ, ಚಹಾನೂ ಕೊಡ್ಬಹುದು, ಸೀಲ್ ಇಲ್ದೆ ಎದ್ದು ಬರ್ಬೇಡಿ.

ಈಗ ಪೋಸ್ಟ್ ಬರೆಯೋಣ. ತುಂಬಾ ಜನ 'ಎಚ್ಚೆತ್ತುಕೊಳ್ಳಿ ಜನಪ್ರತಿನಿಧಿಗಳೇ, ಇದೆಂಥಾ ಆಡಳಿತ' ಅಂತ ಶುರು ಮಾಡ್ತಾರೆ, ಓದೋಕೆ ಜೋಶ್ ಇರತ್ತೆ, ಮಾಹಿತಿ ಇರಲ್ಲ. ನಾನಾದ್ರೆ ಹಿಂಗ್ ಬರೀತೀನಿ:

'ಬಸ್ ಸ್ಟ್ಯಾಂಡ್ ಹಿಂದೆ ಸರ್ಕಾರಿ ಹೈಸ್ಕೂಲಿಗೆ ಹೋಗೋ ರಸ್ತೆ, ವಾರ್ಡ್ 7. ಒಳಚರಂಡಿ (ಯುಜಿಡಿ) ಮ್ಯಾನ್‌ಹೋಲ್ ಮುಚ್ಚಳ ಒಡೆದು ಮೂರು ವಾರ ಆಯ್ತು, ಮಕ್ಕಳು ಪಕ್ಕದಲ್ಲೇ ಓಡಾಡ್ತಾರೆ, ರಾತ್ರಿ ಬೀದಿ ದೀಪನೂ ಇಲ್ಲ. ಪುರಸಭೆಗೆ ಅರ್ಜಿ ಕೊಟ್ಟಿದ್ದೀವಿ, ಸ್ವೀಕೃತಿ ಫೋಟೋದಲ್ಲಿದೆ, 1902ರ ದೂರಿನ ನಂಬರ್ ಇದು. ಮುಖ್ಯಾಧಿಕಾರಿಗಳು ಯಾವತ್ತು ಮುಚ್ಚಳ ಹಾಕಿಸ್ತೀರಾ ಅಂತ ತಾರೀಕು ಹೇಳಿ.'

ಇಷ್ಟೇ. ಕೊನೇಲಿ ಇರೋ ಪ್ರಶ್ನೆ ನೋಡಿ, ತಾರೀಕು ಕೇಳಿದೀವಿ. 'ಕ್ರಮ ಕೈಗೊಳ್ಳಿ' ಅಂದ್ರೆ 'ಕ್ರಮ ಕೈಗೊಳ್ಳಲಾಗುವುದು' ಅಂತ ಉತ್ತರ ಬರತ್ತೆ, ಅಲ್ಲಿಗೆ ಮುಗೀತು. ಟ್ಯಾಗ್ ಇಬ್ಬರಿಗೆ ಸಾಕು, ಕೆಲಸ ಮಾಡೋರು ಒಬ್ರು, ಅವರ ಮೇಲಿನವರು ಒಬ್ರು. ಕನ್ನಡದಲ್ಲೇ ಬರೀರಿ, ಪುರಸಭೆ ಸದಸ್ಯರು ಓದೋದು ಕನ್ನಡ, ವಾರ್ಡಿನ ಜನ ಓದೋದೂ ಕನ್ನಡ, ಬೆಂಗಳೂರಿನ ಐಟಿ ಏರಿಯಾದವರ ಥರ ಇಂಗ್ಲಿಷಲ್ಲಿ ಎಕ್ಸ್ ಮೇಲೆ ಹಾಕಿ ಕೂತ್ರೆ ನಮ್ ಕಡೆ ನಡೆಯಲ್ಲ. ಸಣ್ಣ ಊರಲ್ಲಿ ಎಕ್ಸ್‌ಗಿಂತ ವಾಟ್ಸಾಪ್ ಗ್ರೂಪಿಗೇ ಧಮ್ ಜಾಸ್ತಿ, ಯಾಕಂದ್ರೆ ಕೌನ್ಸಿಲರ್ರು, ಅವರ ಎದುರಾಳಿ, ಅವರ ಮಾವನ ಮಗ ಎಲ್ಲಾ ಅದೇ ಗ್ರೂಪಲ್ಲಿರ್ತಾರೆ, ಬ್ಲೂ ಟಿಕ್ ಬಿದ್ದಿರತ್ತೆ, ನೋಡಿಲ್ಲ ಅನ್ನೋಕಾಗಲ್ಲ.

ವೈರಲ್ ಆಗಿ ಕೆಲಸ ಆಗಿಲ್ವಾ ಅಂದ್ರೆ ಆಗಿದೆ. 2019ರ ಸೆಪ್ಟೆಂಬರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಹೇರೋಹಳ್ಳಿ ಕಡೆ ಗುಂಡಿ ಬಿದ್ದ ರಸ್ತೆ ಮೇಲೆ ಗಗನಯಾತ್ರಿ ವೇಷದ ನಟನ್ನ ಚಂದ್ರನ ಮೇಲೆ ನಡೆಯೋ ಹಂಗೆ ನಡೆಸಿ ವಿಡಿಯೋ ಮಾಡಿದ್ರು. ಚಂದ್ರಯಾನ-2ರ ಟೈಮು ಅದು, ಪ್ರಪಂಚ ಎಲ್ಲಾ ನೋಡ್ತು, ಬಿಬಿಎಂಪಿಯವರು ಜೆಸಿಬಿ ತಗೊಂಡು ಓಡಿ ಬಂದ್ರು. ಆದ್ರೆ ಸರಿಯಾಗಿದ್ದು ಆ ಒಂದು ರಸ್ತೆ. ಅದಕ್ಕೆ ಹೋಲಿಸಿದ್ರೆ ನನಗೆ ಸ್ಟೀಲ್ ಫ್ಲೈಓವರ್ ಗಲಾಟೆ ಜಾಸ್ತಿ ಕಲಿಸೋ ಕೇಸು ಅನ್ಸತ್ತೆ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, 1,791 ಕೋಟಿ, 812 ಮರ ಕಡೀಬೇಕು ಅಂತ ಇತ್ತು. 'ಸ್ಟೀಲ್ ಫ್ಲೈಓವರ್ ಬೇಡ' ಅಂತ ಹ್ಯಾಶ್‌ಟ್ಯಾಗ್ ಓಡ್ತು, ಸರಿ, ಆದ್ರೆ ಅಷ್ಟಕ್ಕೇ ನಿಲ್ಲಲಿಲ್ಲ. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ರಸ್ತೆ ಉದ್ದಕ್ಕೂ ಮಾನವ ಸರಪಳಿ ಮಾಡಿ ನಿಂತ್ರು, ಇನ್ನೊಂದು ಕಡೆ ಹಸಿರು ನ್ಯಾಯಮಂಡಳಿಗೆ ಕೇಸ್ ಹೋಯ್ತು, ಯೋಜನೆಯ ದಾಖಲೆ ತೆಗೆಸಿ ಒಂದೊಂದೇ ಪ್ರಶ್ನೆ ಕೇಳಿದ್ರು. 2017ರ ಮಾರ್ಚಲ್ಲಿ ಸರ್ಕಾರ ಯೋಜನೆ ಕೈಬಿಡ್ತೀವಿ ಅಂತ ಹೇಳ್ತು. ಬರೀ ಹ್ಯಾಶ್‌ಟ್ಯಾಗ್ ಇದ್ದಿದ್ರೆ ಎರಡು ವಾರಕ್ಕೆ ಇನ್ನೊಂದು ಹ್ಯಾಶ್‌ಟ್ಯಾಗ್ ಬಂದು ಇದನ್ನ ಮರೆಸಿರ್ತಿತ್ತು.

ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಟಿಐ

ಒಂದು ತಿಂಗಳು ಕಾದ್ರಿ, ಏನೂ ಆಗ್ಲಿಲ್ಲ. ಈಗ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದಲ್ಲಿ ನಿಯಮ ಏನಂದ್ರೆ ಒಂದು ಅರ್ಜಿಲಿ ಒಂದೇ ವಿಷಯ, 150 ಪದ ಮೀರಬಾರ್ದು, ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ಇಡಬಹುದು, ರಾಜ್ಯದ ಆನ್‌ಲೈನ್ ಪೋರ್ಟಲ್ಲೂ ಇದೆ, ಬಿಪಿಎಲ್ ಕಾರ್ಡ್ ಇದ್ರೆ ಫೀಸಿಲ್ಲ. ಉದ್ದುದ್ದ ಕತೆ ಬರೆದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ.

'ಯಾಕೆ ರಿಪೇರಿ ಮಾಡಿಲ್ಲ' ಅಂತ ಕೇಳ್ಬೇಡಿ. ಆಫೀಸಲ್ಲಿ ಇರೋ ದಾಖಲೆ ಮಾತ್ರ ಕೊಡ್ತೀವಿ, ಕಾರಣ ಹೇಳೋದು ಇದರಲ್ಲಿ ಬರಲ್ಲ ಅಂತಾರೆ, ಅದು ನಿಜನೂ ಹೌದು. ಕಾಗದ ಕೇಳಿ. ಇಂಥ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ ಪಾವತಿ ವಿವರ, ಗುತ್ತಿಗೆ ಕರಾರಿನ ನಕಲು, ಇಷ್ಟನ್ನ ದೃಢೀಕರಿಸಿ ಕೊಡಿ. ಇದರಲ್ಲಿ ಅಳತೆ ಪುಸ್ತಕ, ಆಫೀಸಲ್ಲಿ ಎಂಬಿ ಅಂತಾರೆ, ಅದೇ ಮುಖ್ಯ. ಎಷ್ಟು ಉದ್ದ ಎಷ್ಟು ದಪ್ಪ ಹಾಕಿದೀವಿ ಅಂತ ಇಂಜಿನಿಯರ್ ಬರ್ದು ಸೈನ್ ಮಾಡಿರ್ತಾರೆ, ನೀವು ಟೇಪ್ ಹಿಡ್ಕೊಂಡು ರಸ್ತೆಗೆ ಹೋದ್ರೆ ಮುಗೀತು. ಕರಾರಲ್ಲಿ ಡಿಫೆಕ್ಟ್ ಲಯಬಿಲಿಟಿ ಅವಧಿ ಎಷ್ಟು ವರ್ಷ ಅಂತ ನೋಡಿ, ಆ ಅವಧಿ ಒಳಗೆ ರಸ್ತೆ ಕಿತ್ಕೊಂಡು ಬಂದ್ರೆ ಗುತ್ತಿಗೆದಾರ ತನ್ನ ದುಡ್ಡಲ್ಲೇ ಸರಿ ಮಾಡ್ಕೊಡ್ಬೇಕು, ಹೊಸ ಟೆಂಡರ್ ಬೇಕಾಗೇ ಇಲ್ಲ.

30 ದಿನದಲ್ಲಿ ಉತ್ತರ ಬರ್ಬೇಕು. ಬರ್ಲಿಲ್ಲ ಅಂದ್ರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲನೇ ಮೇಲ್ಮನವಿ, ಅಲ್ಲೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ತುಂಬಾ ಟೈಮ್ ಹಿಡಿಯತ್ತೆ, ಅದು ಬೇರೆ ಮಾತು, ಆದ್ರೆ ಎಷ್ಟೋ ಸಲ ಆರ್‌ಟಿಐ ಅರ್ಜಿ ಟಪಾಲಿಗೆ ಬಿದ್ದ ವಾರಕ್ಕೆ ಜಲ್ಲಿ ಲಾರಿ ಬಂದು ನಿಲ್ಲತ್ತೆ. ಬಂದ ದಾಖಲೆ ಎಲ್ಲಾ ಒಂದೇ ಸಲ ಗ್ರೂಪಿಗೆ ಸುರಿಬೇಡಿ, ಯಾರೂ ಓದಲ್ಲ. ಎಂಬಿ ಪುಟದ ಒಂದು ಫೋಟೋ, ಪಕ್ಕದಲ್ಲಿ ರಸ್ತೆ ಅಳತೆಯ ಒಂದು ಫೋಟೋ, ಇಷ್ಟು ಹಾಕಿ. ಅಧಿಕಾರಿಗಳ ಮನೆ ಅಡ್ರೆಸ್ಸು, ಪರ್ಸನಲ್ ಫೋನ್ ನಂಬರ್ ಇದ್ರೆ ಮುಚ್ಚಿ ಹಾಕಿ.

ಬೇರೆಯವರ ಸುದ್ದಿ ಫಾರ್ವರ್ಡ್ ಮಾಡೋ ಮುಂಚೆ

ನಾವು ಹಾಕೋ ಸುದ್ದಿಗೆ ಇಷ್ಟೆಲ್ಲಾ ಜೋಪಾನ ಮಾಡಿ, ಬೇರೆಯವರದ್ದು ಬಂದಾಗ ಕಣ್ಮುಚ್ಚಿ ಒತ್ತಿಬಿಡೋದು ಸರಿ ಅಲ್ಲ, ಯಾಕಂದ್ರೆ ಜನ ನಿಮ್ಮ ನಂಬರಿಂದ ಬಂದಿದ್ದನ್ನ ನಂಬ್ತಾರೆ.

ಇದರ ಬೆಲೆ ನಮ್ಮ ರಾಜ್ಯ ಚೆನ್ನಾಗೇ ತೆತ್ತಿದೆ. 2012ರ ಆಗಸ್ಟಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗತ್ತೆ ಅಂತ ಎಸ್ಸೆಮ್ಮೆಸ್ ಹಬ್ಬಿ ಬೆಂಗಳೂರಿಂದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ರು, ಕೇಂದ್ರ ಸರ್ಕಾರ ಬಲ್ಕ್ ಎಸ್ಸೆಮ್ಮೆಸ್ಸನ್ನ ದಿನಕ್ಕೆ 5 ಅಂತ ಕಟ್ಟಿಹಾಕ್ಬೇಕಾಯ್ತು. 2016ರ ಸೆಪ್ಟೆಂಬರಲ್ಲಿ ಕಾವೇರಿ ಗಲಾಟೆ ಟೈಮಲ್ಲಿ ಇಲ್ಲಿ ಒಬ್ಬನಿಗೆ ಹೊಡೆದ ವಿಡಿಯೋ ತಮಿಳುನಾಡಲ್ಲಿ ಓಡ್ತು, ಅಲ್ಲಿ ನಮ್ ಕಡೆ ಡ್ರೈವರ್‌ಗೆ ಹೊಡೆದ ವಿಡಿಯೋ ಇಲ್ಲಿ ಓಡ್ತು, ಆ ವಿಡಿಯೋಗಳು ಸುಳ್ಳಾಗಿರಲಿಲ್ಲ, ಆದ್ರೂ ಅದೇ ಬೆಂಕಿಗೆ ತುಪ್ಪ ಆಗಿ ಬೆಂಗಳೂರಲ್ಲಿ ಬಸ್ಸು ಸುಟ್ರು. ನಿಜ ಇದ್ರೂ ಯಾವಾಗ ಹಂಚ್ತೀವಿ ಅನ್ನೋದೂ ನೋಡ್ಬೇಕು ಅಂತ ನಾನು ಹೇಳೋದು ಇದಕ್ಕೇ. 2018ರ ಜುಲೈಲಿ ಬೀದರ್ ಜಿಲ್ಲೆಯ ಮುರ್ಕಿಲಿ ಆಗಿದ್ದು ಇನ್ನೂ ಕೆಟ್ಟದ್ದು. ಹೈದರಾಬಾದಿಂದ ಬಂದಿದ್ದ ಗೆಳೆಯರು ದಾರಿಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ರು ಅಂತ ಮಕ್ಕಳ ಕಳ್ಳರು ಅನ್ನೋ ಮೆಸೇಜ್ ಹೋಯ್ತು, ಅವರ ಕಾರಿಗಿಂತ ಮುಂಚೆ ವಾಟ್ಸಾಪ್ ಮುಂದಿನ ಊರು ಮುಟ್ಟಿತ್ತು, ರಸ್ತೆ ಅಡ್ಡಗಟ್ಟಿ ಹೊಡೆದು ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನ ಸಾಯಿಸಿಬಿಟ್ರು. ಅದೇ ತಿಂಗಳು ವಾಟ್ಸಾಪ್‌ನವರು ಭಾರತದಲ್ಲಿ ಫಾರ್ವರ್ಡನ್ನ 5 ಚಾಟಿಗೆ ಇಳಿಸಿದ್ರು, 2020ರಲ್ಲಿ ತುಂಬಾ ಸುತ್ತಿರೋ ಮೆಸೇಜನ್ನ ಒಂದ್ಸಲಕ್ಕೆ ಒಂದೇ ಚಾಟಿಗೆ ಅಂತ ಮಾಡಿದ್ರು. ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ರೆ ಅದೇ ಅದು. ಅದನ್ನ ನೋಡಿದ್ ತಕ್ಷಣ ಕೈ ತಡೀರಿ.

ಚೆಕ್ ಮಾಡೋದು ದೊಡ್ಡ ವಿದ್ಯೆ ಏನಲ್ಲ. ವಿಡಿಯೋ ನಿಲ್ಲಿಸಿ ಅಂಗಡಿ ಬೋರ್ಡ್ ಯಾವ ಭಾಷೇಲಿದೆ, ಗಾಡಿ ನಂಬರ್ ಕೆಎನೋ ಎಂಎಚ್ಚೋ, ಬಸ್ಸಿನ ಬಣ್ಣ ಏನು, ಪೊಲೀಸರ ಟೋಪಿ ನಮ್ಮವರದ್ದಾ ಅಂತ ನೋಡಿದ್ರೆ ಅರ್ಧ ಸುಳ್ಳು ಅಲ್ಲೇ ಸಿಕ್ಕಾಕೊಳ್ಳತ್ತೆ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿ, ಅದೇ ಫೋಟೋ ಮೂರು ವರ್ಷದ ಹಿಂದೆ ಬೇರೆ ರಾಜ್ಯದಲ್ಲಿ ಬಂದಿತ್ತಾ ಅಂತ ಕಾಣತ್ತೆ, ಮಳೆಗಾಲದಲ್ಲಿ ಡ್ಯಾಮ್ ಒಡೀತು, ಗುಡ್ಡ ಕುಸೀತು ಅನ್ನೋ ವಿಡಿಯೋಗಳಿಗೆ ಇದನ್ನ ಮಾಡ್ಲೇಬೇಕು. ಟಿವಿ ಚಾನೆಲ್ ಬ್ರೇಕಿಂಗ್ ಪ್ಲೇಟ್ ಇದ್ರೆ ಆ ಚಾನೆಲ್ ಪೇಜಿಗೇ ಹೋಗಿ ನೋಡಿ, ಆ ಪ್ಲೇಟ್ ಯಾರು ಬೇಕಾದ್ರೂ ಫೋನಲ್ಲೇ ಮಾಡ್ತಾರೆ. ಸರ್ಕಾರಿ ಆದೇಶ ಅಂತ ಬಂದ್ರೆ ಆದೇಶ ಸಂಖ್ಯೆ, ತಾರೀಕು ಇದ್ಯಾ ನೋಡಿ, ನಾಳೆ ಸ್ಕೂಲಿಗೆ ರಜೆ ಅನ್ನೋ ಹಳೇ ವರ್ಷದ ಆದೇಶಕ್ಕಂತೂ ಮಕ್ಕಳೇ ಕಾಯ್ತಿರ್ತಾರೆ. ಆಡಿಯೋ ಮೆಸೇಜ್ ಅತಿ ಕಷ್ಟ, ಅದಕ್ಕೆ ಲೆನ್ಸೂ ಇಲ್ಲ, ಈಗ ಎಐನಲ್ಲಿ ಯಾರ ದನಿ ಬೇಕಾದ್ರೂ ಮಾಡ್ತಾರೆ. ಹೇಳ್ತಿರೋರು ಯಾರು, ಯಾವೂರು ಅಂತ ಗೊತ್ತಿಲ್ದಿರೋ ಆಡಿಯೋನ ನಾನು ಮುಂದಕ್ಕೆ ಕಳ್ಸೋದೇ ಇಲ್ಲ.

ಎಲ್ಲಕ್ಕಿಂತ ಸುಲಭದ್ದು, ಆ ಊರಲ್ಲಿ ಗೊತ್ತಿರೋರಿಗೆ ಒಂದು ಫೋನ್ ಮಾಡೋದು. ನೆಂಟರಿಲ್ದಿರೋ ಊರು ನಮ್ಮವರಿಗೆ ಎಲ್ಲಿದೆ ಹೇಳಿ. ದುಬೈ, ಅಮೆರಿಕದಲ್ಲಿ ಕೂತು ಊರ ಗ್ರೂಪಲ್ಲಿ ಎಲ್ಲರಿಗಿಂತ ಜೋರಾಗಿ ಫಾರ್ವರ್ಡ್ ಮಾಡೋ ಅಣ್ಣಂದಿರಿಗೂ ಇದೇ ಮಾತು, ಮೊದಲು ಮನೆಗೊಂದು ಕಾಲ್ ಮಾಡಿ.

ಕೇಸ್ ಬೀಳದ ಹಾಗೆ ಬರೆಯೋದು

ಆನ್‌ಲೈನ್ ಪೋಸ್ಟಿಗೆ ಜನರ ಮೇಲೆ ಕೇಸ್ ಹಾಕ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಈಗಿಲ್ಲ, 2015ರ ಮಾರ್ಚ್ 24ಕ್ಕೆ ಸುಪ್ರೀಂ ಕೋರ್ಟ್ ಹೊಡೆದುಹಾಕ್ತು. ಅಧಿಕಾರಿನ ಟೀಕೆ ಮಾಡೋದು ಅಪರಾಧ ಅಲ್ಲ. ಆದ್ರೆ ಮಾನಹಾನಿ ಇನ್ನೂ ಕ್ರಿಮಿನಲ್ ಕೇಸೇ, ನ್ಯಾಯ ಸಂಹಿತೆಯ 356. ಸುಳ್ಳು ಸುದ್ದಿ ಹಬ್ಬಿಸಿ ಜನರಲ್ಲಿ ಭಯ ಹುಟ್ಟಿಸಿದ್ರೆ 353, ಜಾತಿ ಧರ್ಮದ ಮಧ್ಯೆ ಹಚ್ಚಿದ್ರೆ 196. ಹಂಗಾಗಿ 'ಇಂಜಿನಿಯರ್ ದುಡ್ಡು ತಿಂದಿದಾನೆ' ಅಂತ ಬರೀಬೇಡಿ, ನಿಮ್ ಹತ್ರ ಪುರಾವೆ ಇಲ್ಲ. 'ಎಂಬಿಯಲ್ಲಿ 15 ಸೆಂಟಿಮೀಟರ್ ಅಂತಿದೆ, ನಾವು ಅಳೆದಾಗ 9 ಸಿಕ್ತು, ಫೋಟೋ ನೋಡಿ' ಅಂತ ಬರೀರಿ. ಓದಿದೋರಿಗೆ ಅರ್ಥ ಆಗತ್ತೆ, ಕೇಸ್ ಹಾಕೋಕೂ ಏನೂ ಸಿಗಲ್ಲ. ಬೆದರಿಕೆ ಬಂದ್ರೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಒಬ್ರೇ ಹೋಗ್ಬೇಡಿ, ವಾರ್ಡಿನ ಐದಾರು ಜನರ ಸೈನ್ ಹಾಕಿಸಿ ಎಲ್ಲಾ ಅರ್ಜಿ ಕೊಡಿ.

ಗ್ರೂಪ್ ಅಡ್ಮಿನ್ ಆಗಿದ್ರೆ, ಬೇರೆಯವರು ಹಾಕಿದ್ದಕ್ಕೆಲ್ಲಾ ಅಡ್ಮಿನ್ನೇ ಹೊಣೆ ಅಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದ್ರೂ ಸ್ಟೇಷನ್ನಿಗೆ ಕರೆದ್ರೆ ಅಲೆಯೋದು ನೀವೇ. ಗಲಾಟೆ ಇರೋ ದಿನ 'ಅಡ್ಮಿನ್ ಮಾತ್ರ ಮೆಸೇಜ್ ಹಾಕ್ಬಹುದು' ಅನ್ನೋ ಸೆಟ್ಟಿಂಗ್ ಆನ್ ಮಾಡಿ ಮಲ್ಕೊಳ್ಳಿ.

ಫೋನಿಂದ ಸಭೆಗೆ

ಗ್ರಾಮ ಸಭೆ ಆರು ತಿಂಗಳಿಗೆ ಒಂದ್ಸಲನಾದ್ರೂ ನಡೀಲೇಬೇಕು ಅಂತ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಲಿದೆ, ಅದಕ್ಕೂ ಮುಂಚೆ ವಾರ್ಡ್ ಸಭೆ. ಎಷ್ಟೋ ಕಡೆ ತಮಟೆ ಹೊಡೆಸಿದ್ವಿ ಅಂತ ಬರ್ಕೊಂಡು ಹತ್ತು ಜನರ ಮುಂದೆ ಮುಗಿಸ್ತಾರೆ. ನಿಮ್ಮ ಗ್ರೂಪ್ ನಿಜವಾಗ್ಲೂ ಕೆಲಸಕ್ಕೆ ಬರೋದು ಇಲ್ಲಿ. ಪಿಡಿಒ ಹತ್ರ ತಾರೀಕು ಮುಂಚೆನೇ ಕೇಳಿ ಹಾಕಿ, ಹಿಂದಿನ ದಿನ ಮತ್ತೆ ಹಾಕಿ, ಫೋನ್ ಇಲ್ದಿರೋ ಅಜ್ಜಿ ತಾತಂದಿರಿಗೆ ಪಕ್ಕದ ಮನೆಯವರು ಹೇಳ್ಬೇಕು ಅಂತಾನೂ ಹಾಕಿ, ಯಾಕಂದ್ರೆ ನಲ್ಲಿ ನೀರಿನ ಕಷ್ಟ ಅವರಿಗೇ ಜಾಸ್ತಿ ಗೊತ್ತು, ಗ್ರೂಪಲ್ಲಿ ಅವರ ದನಿನೇ ಇರಲ್ಲ. ಸಭೇಲಿ ನಿಮ್ಮ ವಿಡಿಯೋ ತೋರ್ಸಿ, ದೂರಿನ ನಂಬರ್ ಓದಿ, 'ಇದನ್ನ ನಡವಳಿ ಪುಸ್ತಕದಲ್ಲಿ ಬರ್ಕೊಳ್ಳಿ' ಅಂತ ಕೇಳಿ, ಬರೆಯೋವರೆಗೂ ನಿಂತಿರಿ, ಬರೆದ ಪುಟದ ಫೋಟೋ ತಗೊಳ್ಳಿ. ಆ ನಡವಳಿ ಇದ್ರೆ ಮುಂದಿನ ಕ್ರಿಯಾ ಯೋಜನೇಲಿ ಕೆಲಸ ಯಾಕೆ ಸೇರ್ಲಿಲ್ಲ ಅಂತ ಕೇಳೋಕೆ ಒಂದು ಆಧಾರ ಇರತ್ತೆ.

ಕೆಲಸ ಆಯ್ತಾ, ಮೊದಲು ತೆಗೆದ ಅದೇ ಜಾಗದಲ್ಲಿ ನಿಂತು ಮತ್ತೊಂದು ಫೋಟೋ ತೆಗೆದು ಹಾಕಿ, ಮಾಡಿದ ಪೌರಕಾರ್ಮಿಕರಿಗೂ ಇಂಜಿನಿಯರಿಗೂ ಒಂದು ಥ್ಯಾಂಕ್ಸ್ ಹೇಳಿ. ಹಳೇ ವಿಡಿಯೋಗೆ 'ಇದು ಸರಿಯಾಗಿದೆ' ಅಂತ ತಾರೀಕಿನ ಜೊತೆ ಸೇರ್ಸಿ, ಇಲ್ಲಾಂದ್ರೆ ಎರಡು ವರ್ಷ ಆದ್ಮೇಲೆ ಎಲೆಕ್ಷನ್ ಟೈಮಲ್ಲಿ ಯಾರೋ ಅದನ್ನೇ ಎತ್ತಿ ಇವತ್ತಿನದು ಅಂತ ಬಿಡ್ತಾರೆ.